ಕಚೇರಿಯ ಗಣಕ ಜಾಲಕ್ಕೆ ಬಾಗಿಲ ಕಾವಲು: ಸ್ವಿಚ್‌ನಲ್ಲಿ ಮ್ಯಾಕ್ ವಿಳಾಸದ ಫಿಲ್ಟರ್ ಅಳವಡಿಸುವ ಕ್ರಮ

ಸರಕು ತುಂಬಿದ ಗೋದಾಮಿಗೆ ಬೀಗ ಹಾಕದೆ ಮನೆಗೆ ತೆರಳುವ ವ್ಯಾಪಾರಸ್ಥನು ಯಾವ ಊರಿನಲ್ಲಿಯೂ ಸಿಗಲಾರನು. ಆದರೆ ಅದೇ ವ್ಯಾಪಾರಸ್ಥನ ಲೆಕ್ಕಪತ್ರ, ಗ್ರಾಹಕರ ಬಾಕಿ, ಖರೀದಿ ದರ, ದಾಸ್ತಾನಿನ ವಿವರ, ಕಾರ್ಮಿಕರ ವೇತನ ಪಟ್ಟಿ ಇವೆಲ್ಲವೂ ಇರುವ ಗಣಕ ಜಾಲದ ಬಾಗಿಲು ಎಷ್ಟೋ ಕಚೇರಿಗಳಲ್ಲಿ ಹಗಲಿರುಳು ತೆರೆದೇ ಇರುತ್ತದೆ. ಪೀಣ್ಯದ ಯಂತ್ರಭಾಗಗಳ ಘಟಕವಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯಾಗಲಿ, ಬೆಳಗಾವಿಯ ಉದ್ಯಮಬಾಗಿನ ಎರಕದ ಘಟಕವಾಗಲಿ, ಸಾಮಾನ್ಯವಾಗಿ ಕಾಣುವ ವ್ಯವಸ್ಥೆ ಒಂದೇ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಒಂದು ಸ್ವಿಚ್, ಅದರಿಂದ ಹೊರಟ ಹತ್ತಾರು ಕೇಬಲ್‌ಗಳು, ಇನ್ನೂ ಖಾಲಿ ಇರುವ ಕೆಲವು ಪೋರ್ಟ್‌ಗಳು. ಆ ಖಾಲಿ ಪೋರ್ಟಿಗೆ ಯಾರೇ ಬಂದು ತಮ್ಮ ಲ್ಯಾಪ್‌ಟಾಪ್ ಜೋಡಿಸಿದರೂ ಸ್ವಿಚ್ ಅವರನ್ನು ಮನೆಯವರಂತೆಯೇ ಒಳಗೆ ಬಿಟ್ಟುಕೊಳ್ಳುತ್ತದೆ.

ಹೀಗೆ ಜೋಡಿಸುವವರೆಲ್ಲರೂ ಕಳ್ಳರಲ್ಲ. ಯಂತ್ರ ರಿಪೇರಿಗೆ ಬಂದ ತಂತ್ರಜ್ಞ, ಲೆಕ್ಕಪರಿಶೋಧಕರ ಸಹಾಯಕ, ಮನೆಯಿಂದ ಸ್ವಂತ ಲ್ಯಾಪ್‌ಟಾಪ್ ತಂದ ನೌಕರ, ಇವರಲ್ಲಿ ಯಾರಿಗೂ ದುರುದ್ದೇಶ ಇಲ್ಲದಿರಬಹುದು. ಆದರೆ ಅವರ ಯಂತ್ರದಲ್ಲಿ ಏನು ಅಡಗಿದೆಯೆಂಬುದು ಅವರಿಗೇ ತಿಳಿದಿರುವುದಿಲ್ಲ. 2017ರ ಮೇ 12ರಂದು ಕಾಣಿಸಿಕೊಂಡ ವಾನ್ನಾಕ್ರೈ ಎಂಬ ಕುತಂತ್ರಾಂಶವು 150ಕ್ಕೂ ಹೆಚ್ಚು ದೇಶಗಳಲ್ಲಿ ಹಾವಳಿ ಮಾಡಿದ್ದು ಅನೇಕರ ನೆನಪಿನಲ್ಲಿರಬಹುದು. ಒಂದು ಯಂತ್ರಕ್ಕೆ ತಗುಲಿದ ಮೇಲೆ, ಅದೇ ಜಾಲದಲ್ಲಿದ್ದು ಸುರಕ್ಷತಾ ಪರಿಷ್ಕರಣೆ ಪಡೆಯದ ಇತರ ವಿಂಡೋಸ್ ಯಂತ್ರಗಳಿಗೆ ಯಾರೂ ಯಾವ ಗುಂಡಿಯನ್ನೂ ಒತ್ತದೆಯೇ ಅದು ತಾನಾಗಿ ಹರಡುತ್ತಿತ್ತು. ಕಡತಗಳನ್ನು ಬೀಗಮುದ್ರೆ ಮಾಡಿ ಹಣ ಕೇಳುತ್ತಿತ್ತು. ಇಂತಹ ಸಂದರ್ಭದಲ್ಲಿ ಅಪರಿಚಿತ ಯಂತ್ರವೊಂದು ಜಾಲದೊಳಕ್ಕೆ ಬಾರದಂತೆ ತಡೆಯುವುದೇ ಮೊದಲ ರಕ್ಷಣೆ. ಈ ಕೆಲಸಕ್ಕೆ ಸಣ್ಣ ಉದ್ಯಮಗಳ ಕೈಗೆಟಕುವ ಸಾಧನವೆಂದರೆ ಮ್ಯಾಕ್ ವಿಳಾಸದ ಆಧಾರದ ಮೇಲೆ ಪ್ರವೇಶವನ್ನು ನಿಯಂತ್ರಿಸುವುದು. ಅದರ ಕಾರ್ಯವಿಧಾನ, ಅಳವಡಿಕೆಯ ಕ್ರಮ ಹಾಗೂ ಮಿತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಮ್ಯಾಕ್ ವಿಳಾಸವೆಂದರೇನು?

ಮ್ಯಾಕ್ ಎಂಬುದು ಮೀಡಿಯಾ ಆಕ್ಸೆಸ್ ಕಂಟ್ರೋಲ್ ಎಂಬುದರ ಸಂಕ್ಷಿಪ್ತ ರೂಪ. ಆಪಲ್ ಸಂಸ್ಥೆಯ ಗಣಕಯಂತ್ರಗಳ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ಜಾಲಕ್ಕೆ ಜೋಡಣೆಯಾಗುವ ಪ್ರತಿಯೊಂದು ಉಪಕರಣದ ನೆಟ್‌ವರ್ಕ್ ಕಾರ್ಡಿಗೂ ತಯಾರಿಕೆಯ ಹಂತದಲ್ಲಿಯೇ ಒಂದು ಸಂಖ್ಯೆಯನ್ನು ನೀಡಲಾಗಿರುತ್ತದೆ. ವಾಹನದ ಚಾಸಿ ಸಂಖ್ಯೆಗೆ ಇದನ್ನು ಹೋಲಿಸಬಹುದು. ಇದು 48 ಬಿಟ್‌ಗಳ ಸಂಖ್ಯೆ. 0ಯಿಂದ 9ರವರೆಗಿನ ಅಂಕಿಗಳು ಮತ್ತು ಇಂಗ್ಲಿಷಿನ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳನ್ನು ಬಳಸಿ 12 ಸ್ಥಾನಗಳಲ್ಲಿ ಇದನ್ನು ಬರೆಯುತ್ತಾರೆ. 00-1ಎ-2ಬಿ-3ಸಿ-4ಡಿ-5ಇ ಎಂಬುದು ಅದರ ಮಾದರಿ. ಮೊದಲ ಮೂರು ಜೋಡಿಗಳು ತಯಾರಕರನ್ನು ಸೂಚಿಸುತ್ತವೆ. ಇವುಗಳನ್ನು ಹಂಚುವ ಸಂಸ್ಥೆ ಐಇಇಇ. ಉಳಿದ ಮೂರು ಜೋಡಿಗಳನ್ನು ತಯಾರಕರೇ ಪ್ರತಿ ಉಪಕರಣಕ್ಕೂ ಬೇರೆ ಬೇರೆಯಾಗಿ ಕೊಡುತ್ತಾರೆ.

ಒಂದೇ ವಿಳಾಸವನ್ನು ಬೇರೆ ಬೇರೆ ಉಪಕರಣಗಳು ಬೇರೆ ಬೇರೆ ರೀತಿಯಲ್ಲಿ ತೋರಿಸುವುದರಿಂದ ಗೊಂದಲವಾಗುವುದುಂಟು. ವಿಂಡೋಸ್‌ನಲ್ಲಿ ಜೋಡಿಗಳ ನಡುವೆ ಅಡ್ಡಗೆರೆ, ಲಿನಕ್ಸ್‌ನಲ್ಲಿ ವಿವರಣ ಚಿಹ್ನೆ, ಸಿಸ್ಕೊ ಸ್ವಿಚ್‌ಗಳಲ್ಲಿ ನಾಲ್ಕು ಸ್ಥಾನಗಳಿಗೊಂದು ಚುಕ್ಕೆ ಇರುತ್ತದೆ. ಚಿಹ್ನೆ ಯಾವುದಾದರೂ 12 ಸ್ಥಾನಗಳು ಒಂದೇ ಆಗಿದ್ದರೆ ವಿಳಾಸವೂ ಒಂದೇ.

ಸ್ವಿಚ್ ಕೆಲಸ ಮಾಡುವ ಬಗೆ

ಸ್ವಿಚ್ ತನ್ನೊಳಗೆ ಒಂದು ಕೋಷ್ಟಕವನ್ನು ಇಟ್ಟುಕೊಂಡಿರುತ್ತದೆ. ಯಾವುದೇ ಪೋರ್ಟಿನಿಂದ ಮಾಹಿತಿಯ ಕಂತೆಯೊಂದು ಬಂದಾಗ ಅದನ್ನು ಕಳುಹಿಸಿದ ಯಂತ್ರದ ಮ್ಯಾಕ್ ವಿಳಾಸವನ್ನು ಓದಿ, ಆ ವಿಳಾಸ ಇಂತಹ ಪೋರ್ಟಿನಲ್ಲಿದೆ ಎಂದು ಗುರುತು ಹಾಕಿಕೊಳ್ಳುತ್ತದೆ. ಮುಂದೆ ಆ ವಿಳಾಸಕ್ಕೆ ಬರುವ ಮಾಹಿತಿಯನ್ನು ಅದೇ ಪೋರ್ಟಿಗೆ ಮಾತ್ರ ಕಳುಹಿಸುತ್ತದೆ. ಕೋಷ್ಟಕದಲ್ಲಿ ಇಲ್ಲದ ವಿಳಾಸಕ್ಕೆ ಮಾಹಿತಿ ಬಂದರೆ ಉಳಿದ ಎಲ್ಲ ಪೋರ್ಟ್‌ಗಳಿಗೂ ಹಂಚುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸ್ವಿಚ್ ವಿಳಾಸವನ್ನು ಬರೆದುಕೊಳ್ಳುತ್ತದೆಯೇ ಹೊರತು ಬಂದವರು ಯಾರೆಂದು ಪ್ರಶ್ನಿಸುವುದಿಲ್ಲ. ಪ್ರಶ್ನಿಸುವಂತೆ ಅದಕ್ಕೆ ಆದೇಶ ನೀಡುವುದೇ ಫಿಲ್ಟರ್ ಅಳವಡಿಕೆ.

ಎಲ್ಲ ಸ್ವಿಚ್‌ಗಳೂ ಈ ಆದೇಶವನ್ನು ಸ್ವೀಕರಿಸುವುದಿಲ್ಲ. ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಸಾಧಾರಣ ಸ್ವಿಚ್‌ಗಳಿಗೆ ಸೆಟ್ಟಿಂಗ್ ಎಂಬುದೇ ಇರುವುದಿಲ್ಲ. ಮ್ಯಾನೇಜ್ಡ್ ಎಂದು ಕರೆಯುವ ಸ್ವಿಚ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ. ಸ್ಮಾರ್ಟ್ ಎಂದು ಮಾರುವ ಮಾದರಿಗಳಲ್ಲಿ ಕೆಲವಕ್ಕೆ ಮಾತ್ರ ಇರುತ್ತದೆ. ಆದ್ದರಿಂದ ಖರೀದಿಗೆ ಮೊದಲು ಪೋರ್ಟ್ ಸೆಕ್ಯುರಿಟಿ ಮತ್ತು ಮ್ಯಾಕ್ ಎಸಿಎಲ್ ಎಂಬ ಎರಡು ಸೌಲಭ್ಯಗಳು ಇವೆಯೇ ಎಂದು ಮಾರಾಟಗಾರರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಒಳಿತು.

ಮೊದಲ ಹೆಜ್ಜೆ: ದಾಖಲೆ ಪುಸ್ತಕ

ಸ್ವಿಚ್ಚನ್ನು ಮುಟ್ಟುವ ಮೊದಲು ಕಾಗದದ ಮೇಲೆ ಕೆಲಸ ಆಗಬೇಕು. ಉದಾಹರಣೆಗೆ, 24 ಪೋರ್ಟ್‌ಗಳ ಸ್ವಿಚ್ ಹೊಂದಿರುವ ಒಂದು ಸಣ್ಣ ತಯಾರಿಕಾ ಘಟಕವನ್ನು ಊಹಿಸಿಕೊಳ್ಳಬಹುದು. ಅದರ ದಾಖಲೆ ಈ ರೀತಿ ಇರಬೇಕು:

ಪೋರ್ಟ್ 1: ಅಂತರ್ಜಾಲದ ರೂಟರ್
ಪೋರ್ಟ್ 2: ಲೆಕ್ಕಪತ್ರದ ಸರ್ವರ್
ಪೋರ್ಟ್ 3ರಿಂದ 8: ಲೆಕ್ಕಪತ್ರ, ಖರೀದಿ ಮತ್ತು ಮಾರಾಟ ವಿಭಾಗದ ಗಣಕಯಂತ್ರಗಳು
ಪೋರ್ಟ್ 9: ಗೋದಾಮಿನ ಬಿಲ್ಲಿಂಗ್ ಯಂತ್ರ
ಪೋರ್ಟ್ 10: ಪ್ರಿಂಟರ್
ಪೋರ್ಟ್ 11: ಬೆರಳಚ್ಚು ಹಾಜರಾತಿ ಯಂತ್ರ
ಪೋರ್ಟ್ 12: ಸಿಸಿಟಿವಿ ರೆಕಾರ್ಡರ್
ಪೋರ್ಟ್ 13: ವೈಫೈ ಆಕ್ಸೆಸ್ ಪಾಯಿಂಟ್
ಪೋರ್ಟ್ 14: ಕಾರ್ಖಾನೆ ವಿಭಾಗದ ಎರಡನೆಯ ಸ್ವಿಚ್‌ಗೆ ಹೋಗುವ ಕೇಬಲ್
ಪೋರ್ಟ್ 15ರಿಂದ 24: ಖಾಲಿ

ಪ್ರತಿಯೊಂದು ಸಾಲಿನ ಮುಂದೆ ಉಪಕರಣದ ಮ್ಯಾಕ್ ವಿಳಾಸ, ಬಳಸುವವರ ಹೆಸರು, ದಾಖಲಿಸಿದ ದಿನಾಂಕ ಇರಬೇಕು. ವಿಂಡೋಸ್ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಗೆಟ್‌ಮ್ಯಾಕ್ ಎಂಬ ಆದೇಶ ನೀಡಿದರೆ ವಿಳಾಸ ಕಾಣಿಸುತ್ತದೆ. ಪ್ರಿಂಟರ್, ರೆಕಾರ್ಡರ್ ಮುಂತಾದವುಗಳಲ್ಲಿ ಹಿಂಭಾಗದ ಅಥವಾ ತಳಭಾಗದ ಚೀಟಿಯ ಮೇಲೆ ಸಾಮಾನ್ಯವಾಗಿ ಮುದ್ರಿತವಾಗಿರುತ್ತದೆ. ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಎಚ್ಚರ ಅಗತ್ಯ. ಕೇಬಲ್ ಜೋಡಣೆಗೆ ಒಂದು ವಿಳಾಸ, ವೈಫೈಗೆ ಮತ್ತೊಂದು ವಿಳಾಸ ಇರುತ್ತದೆ. ಯುಎಸ್‌ಬಿ ಮೂಲಕ ಜೋಡಿಸುವ ಲ್ಯಾನ್ ಅಡಾಪ್ಟರಿಗೆ ತನ್ನದೇ ಆದ ಮೂರನೆಯ ವಿಳಾಸವಿರುತ್ತದೆ. ಅಡಾಪ್ಟರನ್ನು ಬೇರೊಬ್ಬರಿಗೆ ಕೊಟ್ಟರೆ ವಿಳಾಸವೂ ಅದರೊಂದಿಗೆ ಹೋಗುತ್ತದೆ.

ಎರಡನೆಯ ಹೆಜ್ಜೆ: ಖಾಲಿ ಪೋರ್ಟ್‌ಗಳನ್ನು ಮುಚ್ಚುವುದು

ಮೇಲಿನ ಉದಾಹರಣೆಯಲ್ಲಿ 15ರಿಂದ 24ರವರೆಗಿನ ಪೋರ್ಟ್‌ಗಳನ್ನು ಸ್ವಿಚ್‌ನ ಸೆಟ್ಟಿಂಗ್‌ನಲ್ಲಿ ನಿಷ್ಕ್ರಿಯಗೊಳಿಸಬೇಕು. ಇದಕ್ಕೆ ಐದು ನಿಮಿಷವೂ ಬೇಡ, ಯಾವ ವೆಚ್ಚವೂ ಇಲ್ಲ. ಫಿಲ್ಟರ್‌ನ ಬಗ್ಗೆ ಯೋಚಿಸುವ ಮೊದಲೇ ಅಪಾಯದ ದೊಡ್ಡ ಪಾಲು ಇದರಿಂದ ಕಡಿಮೆಯಾಗುತ್ತದೆ. ಅಗತ್ಯ ಬಿದ್ದಾಗ ಒಂದೊಂದಾಗಿ ತೆರೆಯಬಹುದು.

ಮೂರನೆಯ ಹೆಜ್ಜೆ: ಪೋರ್ಟ್ ಸೆಕ್ಯುರಿಟಿ

ಒಂದು ಪೋರ್ಟಿನಲ್ಲಿ ಎಷ್ಟು ಮ್ಯಾಕ್ ವಿಳಾಸಗಳಿಗೆ ಅವಕಾಶ, ಅವು ಯಾವುವು ಮತ್ತು ಬೇರೆ ವಿಳಾಸ ಬಂದರೆ ಏನು ಮಾಡಬೇಕು, ಈ ಮೂರನ್ನು ನಿಗದಿಪಡಿಸುವುದೇ ಪೋರ್ಟ್ ಸೆಕ್ಯುರಿಟಿ. ಸಣ್ಣ ಕಚೇರಿಗಳಿಗೆ ಇದೇ ಹೆಚ್ಚು ಸೂಕ್ತ.

ವಿಳಾಸವನ್ನು ಎರಡು ವಿಧದಲ್ಲಿ ಸೇರಿಸಬಹುದು. ಮೊದಲನೆಯದು, ಕೈಯಿಂದ ಬರೆಯುವುದು. ಎರಡನೆಯದು, ಸ್ಟಿಕಿ ಎಂಬ ವಿಧಾನ. ಆಗ ಪೋರ್ಟಿಗೆ ಮೊದಲು ಬಂದ ಯಂತ್ರದ ವಿಳಾಸವನ್ನು ಸ್ವಿಚ್ ತಾನೇ ಕಲಿತು ಅಂಟಿಸಿಕೊಳ್ಳುತ್ತದೆ. ಸ್ಟಿಕಿ ವಿಧಾನ ಸುಲಭ, ಆದರೆ ಕಲಿಯುವ ಸಮಯದಲ್ಲಿ ಜೋಡಿಸಿದ ಯಂತ್ರ ಸರಿಯಾದುದೇ ಎಂದು ದಾಖಲೆ ಪುಸ್ತಕದೊಂದಿಗೆ ತಾಳೆ ನೋಡಬೇಕು. ಇಲ್ಲವಾದರೆ ಹೊರಗಿನವರ ಯಂತ್ರವೇ ಒಡೆಯನ ಸ್ಥಾನದಲ್ಲಿ ಕುಳಿತು ನಮೂದಿತ ಯಂತ್ರ ಹೊರಗುಳಿಯುವ ಸಂಭವವಿದೆ.

ನಿಯಮ ಮೀರಿದಾಗ ಸ್ವಿಚ್ ಕೈಗೊಳ್ಳುವ ಕ್ರಮ ಮೂರು ಬಗೆ. ಸಿಸ್ಕೊ ಸ್ವಿಚ್‌ಗಳಲ್ಲಿ ಇವುಗಳ ಹೆಸರು ಹೀಗಿದೆ:

1. ಪ್ರೊಟೆಕ್ಟ್: ಅಪರಿಚಿತ ಯಂತ್ರದ ಮಾಹಿತಿಯನ್ನು ಸದ್ದಿಲ್ಲದೆ ತಡೆಯುತ್ತದೆ. ಯಾರಿಗೂ ಸುಳಿವು ಸಿಗುವುದಿಲ್ಲ.
2. ರೆಸ್ಟ್ರಿಕ್ಟ್: ತಡೆಯುವುದರ ಜೊತೆಗೆ ಘಟನೆಯನ್ನು ದಾಖಲಿಸಿ ಎಣಿಕೆಯನ್ನೂ ಇಡುತ್ತದೆ. ನಮೂದಿತ ಯಂತ್ರದ ಕೆಲಸಕ್ಕೆ ಅಡ್ಡಿಯಿಲ್ಲ.
3. ಶಟ್‌ಡೌನ್: ಪೋರ್ಟನ್ನೇ ಸಂಪೂರ್ಣವಾಗಿ ಮುಚ್ಚುತ್ತದೆ. ಯಾವುದನ್ನೂ ಹೇಳದಿದ್ದರೆ ಸಿಸ್ಕೊ ಸ್ವಿಚ್ ಆಯ್ದುಕೊಳ್ಳುವುದು ಇದನ್ನೇ. ಮತ್ತೆ ತೆರೆಯಲು ನಿರ್ವಾಹಕರು ಆ ಪೋರ್ಟನ್ನು ಒಮ್ಮೆ ಮುಚ್ಚಿ ತೆರೆಯುವ ಆದೇಶ ನೀಡಬೇಕು.

ಪೂರ್ಣಾವಧಿ ತಂತ್ರಜ್ಞರಿಲ್ಲದ ಘಟಕಗಳಿಗೆ ರೆಸ್ಟ್ರಿಕ್ಟ್ ಹೆಚ್ಚು ಅನುಕೂಲ. ಯಾರೂ ಕೂರದ ಸ್ಥಳಗಳಲ್ಲಿನ ಪೋರ್ಟ್‌ಗಳಿಗೆ, ಅಂದರೆ ಸಂದರ್ಶಕರ ಕೊಠಡಿ, ಗೇಟಿನ ಬಳಿಯ ಹಾಜರಾತಿ ಯಂತ್ರ ಮುಂತಾದವುಗಳಿಗೆ ಶಟ್‌ಡೌನ್ ಇರುವುದು ಲೇಸು.

ಸಿಸ್ಕೊ ಕ್ಯಾಟಲಿಸ್ಟ್ ಮಾದರಿಗಳಲ್ಲಿ ಆದೇಶಗಳ ಕ್ರಮ ಹೀಗಿರುತ್ತದೆ: ಪೋರ್ಟನ್ನು ಆಯ್ದುಕೊಂಡು ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್, ನಂತರ ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ಎಂಬುದರ ಮುಂದೆ ಮ್ಯಾಕ್ಸಿಮಮ್ 1, ಮ್ಯಾಕ್-ಅಡ್ರೆಸ್ ಸ್ಟಿಕಿ, ವಯಲೇಶನ್ ರೆಸ್ಟ್ರಿಕ್ಟ್ ಎಂದು ಮೂರು ಸಾಲುಗಳು, ಕೊನೆಯಲ್ಲಿ ಮುಂದೆ ಏನನ್ನೂ ಸೇರಿಸದೆ ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ಎಂದಷ್ಟೇ ಇರುವ ಸಾಲು. ಈ ಕೊನೆಯ ಸಾಲೇ ಕಾವಲನ್ನು ಚಾಲೂ ಮಾಡುವುದು. ಇದನ್ನು ಬಿಟ್ಟರೆ ಉಳಿದ ಸಾಲುಗಳೆಲ್ಲವೂ ಸೆಟ್ಟಿಂಗ್‌ನಲ್ಲಿ ಕಾಣಿಸುತ್ತವೆ, ಆದರೆ ಯಾವ ಯಂತ್ರವನ್ನೂ ತಡೆಯುವುದಿಲ್ಲ. ಇತರ ತಯಾರಕರ ಸ್ವಿಚ್‌ಗಳಲ್ಲಿ ಇದೇ ಕೆಲಸವನ್ನು ಬ್ರೌಸರ್‌ನಲ್ಲಿ ತೆರೆಯುವ ಪುಟದ ಮೂಲಕ ಮಾಡಬಹುದಾಗಿದೆ. ಅಲ್ಲಿಯೂ ಚಾಲೂ ಮಾಡುವ ಗುರುತನ್ನು ಪ್ರತ್ಯೇಕವಾಗಿ ಹಾಕಬೇಕಾಗಿ ಬರಬಹುದು.

ನಾಲ್ಕನೆಯ ಹೆಜ್ಜೆ: ಪ್ರವೇಶ ನಿಯಂತ್ರಣ ಪಟ್ಟಿ

ಎಸಿಎಲ್ ಎಂದು ಕರೆಯುವ ಪ್ರವೇಶ ನಿಯಂತ್ರಣ ಪಟ್ಟಿ ಇನ್ನೊಂದು ವಿಧಾನ. ಇದರಲ್ಲಿ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಹೋಗುವ ಮಾಹಿತಿಗೆ ಅನುಮತಿ, ಯಾವುದಕ್ಕೆ ನಿರಾಕರಣೆ ಎಂಬ ನಿಯಮಗಳನ್ನು ಸಾಲಾಗಿ ಬರೆಯಲಾಗುತ್ತದೆ. ಉದಾಹರಣೆಗೆ, ಹಾಜರಾತಿ ಯಂತ್ರವು ರೆಕಾರ್ಡರನ್ನು ತಲುಪಬಾರದು ಎಂದು ಹೇಳಬಹುದು. ಈ ಪಟ್ಟಿಯನ್ನು ಬರೆಯುವಾಗ ನಾಲ್ಕು ಅಂಶಗಳನ್ನು ನೆನಪಿಡಬೇಕು.

ಒಂದು, ಸ್ವಿಚ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿದ ನಿಯಮವನ್ನೇ ಜಾರಿಗೊಳಿಸಿ ಅಲ್ಲಿಗೆ ನಿಲ್ಲುತ್ತದೆ. ಎಲ್ಲರಿಗೂ ಅನುಮತಿ ಎಂಬ ಸಾಲನ್ನು ಮೊದಲೇ ಬರೆದರೆ ಕೆಳಗಿನ ನಿರಾಕರಣೆಗಳಿಗೆ ಬೆಲೆಯಿಲ್ಲ.

ಎರಡು, ಸಿಸ್ಕೊ ಮುಂತಾದ ಸ್ವಿಚ್‌ಗಳಲ್ಲಿ ಪಟ್ಟಿಯ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ನಿಯಮ ಇದ್ದೇ ಇರುತ್ತದೆ: ಮೇಲೆ ಹೆಸರಿಸದ ಎಲ್ಲದಕ್ಕೂ ನಿರಾಕರಣೆ. ಒಂದು ಯಂತ್ರವನ್ನು ತಡೆಯಲು ಹೊರಟು ಇಡೀ ವಿಭಾಗದ ಕೆಲಸ ನಿಲ್ಲುವುದು ಇದನ್ನು ಮರೆತಾಗಲೇ.

ಮೂರು, ಒಂದೇ ತಯಾರಕರ ಎಲ್ಲ ಉಪಕರಣಗಳನ್ನು ಒಟ್ಟಾಗಿ ಸೂಚಿಸಲು ಮಾಸ್ಕ್ ಬಳಸುವ ಅನುಕೂಲವಿದೆ. ಆದರೆ ಕೆಲವು ಸ್ವಿಚ್‌ಗಳಲ್ಲಿ ಮಾಸ್ಕ್‌ನ ಸೊನ್ನೆ ಎಂದರೆ ಕಡ್ಡಾಯವಾಗಿ ಹೊಂದಬೇಕು ಎಂದರ್ಥ, ಇನ್ನು ಕೆಲವು ಸ್ವಿಚ್‌ಗಳಲ್ಲಿ ಅದಕ್ಕೆ ವಿರುದ್ಧ ಅರ್ಥ. ಕೈಪಿಡಿಯನ್ನು ನೋಡದೆ ಬರೆಯುವುದು ತರವಲ್ಲ.

ನಾಲ್ಕು, ಇದು ಎಲ್ಲಕ್ಕಿಂತ ಮುಖ್ಯವಾದುದು. ಸಿಸ್ಕೊ ಕ್ಯಾಟಲಿಸ್ಟ್ 2960 ಮುಂತಾದ ಮಾದರಿಗಳಲ್ಲಿ ಪೋರ್ಟಿಗೆ ಹಾಕುವ ಮ್ಯಾಕ್ ಪಟ್ಟಿಯು ಐಪಿ ಅಲ್ಲದ ಮಾಹಿತಿಯನ್ನು ಮಾತ್ರ ಪರಿಶೀಲಿಸುತ್ತದೆ. ಕಚೇರಿಯಲ್ಲಿ ಹರಿದಾಡುವ ಮಾಹಿತಿ ಬಹುತೇಕ ಐಪಿಯೇ ಆಗಿರುವುದರಿಂದ ಅಂತಹ ಪಟ್ಟಿ ಇದ್ದರೂ ಇಲ್ಲದಂತೆಯೇ. ಅಲ್ಲಿ ಪೋರ್ಟ್ ಸೆಕ್ಯುರಿಟಿಯನ್ನೇ ಅವಲಂಬಿಸಬೇಕು. ತಮ್ಮ ಸ್ವಿಚ್ ಯಾವ ಬಗೆಯದು ಎಂಬುದನ್ನು ಕೈಪಿಡಿಯಿಂದ ತಿಳಿಯುವುದರ ಜೊತೆಗೆ ಪರೀಕ್ಷೆಯಿಂದಲೂ ದೃಢಪಡಿಸಿಕೊಳ್ಳಬೇಕು.

ಅಳವಡಿಸುವಾಗ ವಹಿಸಬೇಕಾದ ಎಚ್ಚರಿಕೆಗಳು

ರೂಟರ್‌ಗೆ ಮತ್ತು ಎರಡನೆಯ ಸ್ವಿಚ್‌ಗೆ ಹೋಗುವ ಪೋರ್ಟ್‌ಗಳಿಗೆ ಮೇಲಿನ ನಿಯಮವನ್ನು ಹಾಗೆಯೇ ಹಾಕಬಾರದು. ಉದಾಹರಣೆಯ ಪೋರ್ಟ್ 14ರ ಹಿಂದೆ ಕಾರ್ಖಾನೆ ವಿಭಾಗದ ಎಲ್ಲ ಯಂತ್ರಗಳ ವಿಳಾಸಗಳೂ ಇರುತ್ತವೆ; ಅಲ್ಲಿ ಒಂದೇ ವಿಳಾಸಕ್ಕೆ ಮಿತಿ ಹಾಕಿದರೆ ಉಳಿದ ಯಂತ್ರಗಳು ಸ್ಥಗಿತಗೊಳ್ಳುತ್ತವೆ. ಆ ವಿಭಾಗದ ನಿಯಂತ್ರಣವನ್ನು ಅಲ್ಲಿನ ಸ್ವಿಚ್‌ನಲ್ಲಿಯೇ ಮಾಡಬೇಕು. ವೈಫೈ ಇರುವ ಪೋರ್ಟ್ 13ಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೇಲಾಗಿ 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ಬಂದಂದಿನಿಂದ ಮೊಬೈಲುಗಳು ವೈಫೈಗೆ ತಮ್ಮ ನಿಜವಾದ ವಿಳಾಸದ ಬದಲು ತಾತ್ಕಾಲಿಕ ವಿಳಾಸವನ್ನು ಬಳಸುತ್ತವೆ. ವಿಳಾಸದ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ತಯಾರಕರು ಕೊಟ್ಟ ಮೂಲ ವಿಳಾಸವಲ್ಲವೆಂದು ತಿಳಿಯಬಹುದು. ಆದ್ದರಿಂದ ವೈಫೈ ಬಳಸುವವರನ್ನು ಬಲವಾದ ಪಾಸ್‌ವರ್ಡ್ ಮತ್ತು ಪ್ರತ್ಯೇಕ ವಿಲ್ಯಾನ್ ಮೂಲಕ ಲೆಕ್ಕಪತ್ರದ ಸರ್ವರ್‌ನಿಂದ ದೂರವಿಡುವುದೇ ಸರಿಯಾದ ಮಾರ್ಗ.

ಸೆಟ್ಟಿಂಗ್‌ಗಳನ್ನು ಶಾಶ್ವತವಾಗಿ ಉಳಿಸುವ ಆದೇಶವನ್ನು ನೀಡಲು ಮರೆಯಬಾರದು. ಉಳಿಸದಿದ್ದರೆ ವಿದ್ಯುತ್ ಹೋಗಿ ಬಂದಾಗ ಹೊಸ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗುತ್ತವೆ. ಕಾವಲು ಇದೆಯೆಂಬ ಭರವಸೆ ಮಾತ್ರ ಉಳಿಯುತ್ತದೆ. ಮೊದಲು ಚಾಲೂ ಮಾಡಿ ಉಳಿಸಿದ್ದು ಸ್ಟಿಕಿಯ ಸಾಲು ಮಾತ್ರವಾಗಿದ್ದು, ಕಲಿತ ವಿಳಾಸವನ್ನು ಉಳಿಸದೆ ಬಿಟ್ಟಿದ್ದರೆ, ವಿದ್ಯುತ್ ಮರಳಿದಾಗ ಯಾವ ಯಂತ್ರ ಮೊದಲು ಬಂದರೂ ಸ್ವಿಚ್ ಅದನ್ನೇ ಮನೆಯವರೆಂದು ಒಪ್ಪಿಕೊಳ್ಳುತ್ತದೆ.

ಕೆಲಸಕ್ಕೆ ಆಯ್ದುಕೊಳ್ಳುವ ದಿನವೂ ಮುಖ್ಯ. ಮಾಸಿಕ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವವರಿಗೆ ಪ್ರತಿ ತಿಂಗಳ 11 ಮತ್ತು 20ನೆಯ ತಾರೀಖುಗಳು ಒತ್ತಡದ ದಿನಗಳು. ಆ ದಿನಗಳನ್ನೂ ವೇತನ ಬಟವಾಡೆಯ ದಿನವನ್ನೂ ಬಿಟ್ಟು ವಾರದ ರಜೆಯ ದಿನ ಕೆಲಸ ಕೈಗೊಳ್ಳುವುದು ಲೇಸು. ಮೊದಲು ಒಂದೇ ಪೋರ್ಟಿನಲ್ಲಿ ಜಾರಿಗೊಳಿಸಿ, ನಮೂದಿತ ಯಂತ್ರ ಕೆಲಸ ಮಾಡುತ್ತದೆಯೇ ನೋಡಬೇಕು. ನಂತರ ಅದೇ ಕೇಬಲ್ಲಿಗೆ ನಮೂದಾಗದ ಲ್ಯಾಪ್‌ಟಾಪ್ ಜೋಡಿಸಿ, ಅದು ಸರ್ವರನ್ನು ತಲುಪಲು ವಿಫಲವಾಗುವುದನ್ನೂ ಕಣ್ಣಾರೆ ಕಾಣಬೇಕು. ಎರಡನೆಯ ಪರೀಕ್ಷೆಯಾಗದೆ ಗುತ್ತಿಗೆದಾರರ ಬಿಲ್ಲು ಪಾವತಿಸಬಾರದು.

ಈ ವ್ಯವಸ್ಥೆಯ ಮಿತಿ

ಮ್ಯಾಕ್ ಫಿಲ್ಟರ್‌ನಿಂದ ಏನು ಆಗದು ಎಂಬುದನ್ನೂ ಉದ್ಯಮಿಗಳು ಸ್ಪಷ್ಟವಾಗಿ ಅರಿತಿರಬೇಕು. ಅಂತರ್ಜಾಲದ ಮೂಲಕ ಬರುವ ದಾಳಿಯನ್ನು ಇದು ತಡೆಯದು. ಹೊರಗಿನಿಂದ ಬರುವ ಎಲ್ಲ ಮಾಹಿತಿಯೂ ಸ್ವಿಚ್‌ಗೆ ರೂಟರ್‌ನ ಮ್ಯಾಕ್ ವಿಳಾಸದಿಂದಲೇ ಬರುವುದರಿಂದ ಒಳ್ಳೆಯದು ಕೆಟ್ಟದ್ದು ಎಂದು ಬೇರ್ಪಡಿಸಲು ಅದಕ್ಕೆ ಆಧಾರವಿಲ್ಲ. ನೌಕರರ ನಮೂದಿತ ಯಂತ್ರಕ್ಕೇ ಇ-ಮೇಲ್ ಅಥವಾ ಪೆನ್‌ಡ್ರೈವ್ ಮೂಲಕ ಸೋಂಕು ತಗುಲಿದರೂ ಇದು ಉಪಯೋಗಕ್ಕೆ ಬಾರದು.

ಎರಡನೆಯದಾಗಿ, ಮ್ಯಾಕ್ ವಿಳಾಸವನ್ನು ನಕಲು ಮಾಡುವುದು ಕಷ್ಟವೇನಲ್ಲ. ಪ್ರಿಂಟರ್‌ನ ಚೀಟಿಯ ಮೇಲಿರುವ ಸಂಖ್ಯೆಯನ್ನು ಓದಿ, ತನ್ನ ಲ್ಯಾಪ್‌ಟಾಪ್‌ಗೆ ಅದೇ ವಿಳಾಸವನ್ನು ಕೊಟ್ಟು, ಪ್ರಿಂಟರ್‌ನ ಕೇಬಲ್ಲನ್ನೇ ತೆಗೆದು ಜೋಡಿಸಿದವನನ್ನು ಸ್ವಿಚ್ ಪ್ರಿಂಟರ್ ಎಂದೇ ನಂಬುತ್ತದೆ. ಬೇರೆಯವರ ಗುರುತಿನ ಚೀಟಿ ಧರಿಸಿ ಬಂದವನನ್ನು ಮುಖ ನೋಡದ ಕಾವಲುಗಾರ ಒಳಗೆ ಬಿಟ್ಟಂತೆ. ಈ ಕಾರಣದಿಂದಲೇ ಪ್ರಿಂಟರ್, ಕ್ಯಾಮೆರಾ, ಹಾಜರಾತಿ ಯಂತ್ರಗಳನ್ನು ಲೆಕ್ಕಪತ್ರದ ಸರ್ವರ್ ಇರುವ ವಿಲ್ಯಾನ್‌ನಲ್ಲಿ ಇಡಬಾರದು. ಹೆಚ್ಚಿನ ಭದ್ರತೆ ಬೇಕಾದವರು 802.1ಎಕ್ಸ್ ಎಂಬ ವ್ಯವಸ್ಥೆಯತ್ತ ಸಾಗಬೇಕು. ಅದರಲ್ಲಿ ವಿಳಾಸದ ಬದಲು ಬಳಕೆದಾರರ ಪಾಸ್‌ವರ್ಡ್ ಅಥವಾ ಡಿಜಿಟಲ್ ಪ್ರಮಾಣಪತ್ರವನ್ನು ಪರಿಶೀಲಿಸಲಾಗುತ್ತದೆ. ಅದಕ್ಕೆ ಪ್ರತ್ಯೇಕ ಪರಿಶೀಲನಾ ಸರ್ವರ್ ಅಗತ್ಯವಿರುವುದರಿಂದ ವೆಚ್ಚವೂ ನಿರ್ವಹಣೆಯೂ ಹೆಚ್ಚು.

ನಿರ್ವಹಣೆ ಯಾರ ಹೊಣೆ?

ಸ್ವಿಚ್‌ನ ಪಾಸ್‌ವರ್ಡ್ ವಾರ್ಷಿಕ ನಿರ್ವಹಣಾ ಗುತ್ತಿಗೆದಾರರ ಬಳಿ ಮಾತ್ರ ಇರುವುದು ಸರಿಯಲ್ಲ. ಅದರ ಪ್ರತಿಯೊಂದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ತಿಜೋರಿಯಲ್ಲಿ ಇಡಬೇಕು. ತಯಾರಕರು ಕೊಟ್ಟ ಮೂಲ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಬೇಕು. ನೌಕರರು ಕೆಲಸ ಬಿಟ್ಟಾಗ, ಯಂತ್ರ ಮಾರಿದಾಗ, ರಿಪೇರಿಯಲ್ಲಿ ನೆಟ್‌ವರ್ಕ್ ಕಾರ್ಡ್ ಅಥವಾ ಮದರ್‌ಬೋರ್ಡ್ ಬದಲಾದಾಗ, ಅಷ್ಟೇ ಏಕೆ, ಮೇಜನ್ನು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಸರಿಸಿದಾಗಲೂ ದಾಖಲೆ ಪುಸ್ತಕವನ್ನೂ ಸ್ವಿಚ್ಚನ್ನೂ ಒಟ್ಟಿಗೆ ತಿದ್ದಬೇಕು.

ಸ್ವಿಚ್ ದಾಖಲಿಸುವ ಘಟನೆಗಳ ಪಟ್ಟಿಗೆ ಕಾನೂನಿನ ದೃಷ್ಟಿಯಿಂದಲೂ ಮಹತ್ವವಿದೆ. ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಕಂಪನಿಗಳು ಮುಂತಾದ ಸಂಸ್ಥೆಗಳು ಅನಧಿಕೃತ ಪ್ರವೇಶವೂ ಸೇರಿದಂತೆ ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಹಾಗೂ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಇಟ್ಟಿರಬೇಕು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಇದು 2022ರ ಸೆಪ್ಟೆಂಬರ್ 25ರಿಂದ ಅನ್ವಯವಾಯಿತು. ಸ್ವಿಚ್‌ನೊಳಗಿನ ಜಾಗ ಚಿಕ್ಕದಾದ್ದರಿಂದ ಘಟನೆಗಳ ಪಟ್ಟಿಯನ್ನು ಕಚೇರಿಯ ಒಂದು ಗಣಕಯಂತ್ರಕ್ಕೆ ರವಾನಿಸುವ ಏರ್ಪಾಡು ಮಾಡಿಕೊಳ್ಳಬೇಕು. ಸ್ವಿಚ್‌ನ ಗಡಿಯಾರ ಸರಿಯಾದ ಸಮಯ ತೋರಿಸುವಂತೆಯೂ ನೋಡಿಕೊಳ್ಳಬೇಕು.

ಒಟ್ಟಿನಲ್ಲಿ ಮ್ಯಾಕ್ ಫಿಲ್ಟರ್ ಎಂಬುದು ಅಭೇದ್ಯವಾದ ಕೋಟೆಯಲ್ಲ, ಬಾಗಿಲಲ್ಲಿ ಹೆಸರು ಕೇಳುವ ಕಾವಲು. ಅಜಾಗರೂಕತೆಯಿಂದಾಗುವ ಹಾನಿಯನ್ನು ಅದು ಚೆನ್ನಾಗಿ ತಡೆಯುತ್ತದೆ. ಹಠ ತೊಟ್ಟು ಬಂದವರ ಕೆಲಸವನ್ನು ಕಠಿಣಗೊಳಿಸುತ್ತದೆ. ಯಾರು ಯಾವಾಗ ಪ್ರಯತ್ನಿಸಿದರೆಂಬ ಗುರುತನ್ನು ಉಳಿಸುತ್ತದೆ. ಆ ಕಾವಲಿನ ಬೆಲೆ ನಿಂತಿರುವುದು ದಾಖಲೆ ಪುಸ್ತಕ ಎಷ್ಟು ಸರಿಯಾಗಿದೆ ಎಂಬುದರ ಮೇಲೆ. ರೊಕ್ಕದ ಪುಸ್ತಕವನ್ನು ಪ್ರತಿ ಸಂಜೆ ತಾಳೆ ನೋಡುವ ಶಿಸ್ತು ವ್ಯಾಪಾರಸ್ಥರಿಗೆ ಹೊಸದಲ್ಲ. ಅದೇ ಶಿಸ್ತಿನಲ್ಲಿ ತಿಂಗಳಿಗೊಮ್ಮೆ ಪೋರ್ಟ್‌ಗಳ ಪುಸ್ತಕವನ್ನೂ ಸ್ವಿಚ್‌ನೊಂದಿಗೆ ತಾಳೆ ನೋಡಿದರೆ ಸಾಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ, ಖಾಲಿ ಇರುವ ಪೋರ್ಟ್‌ಗಳನ್ನು ಈ ವಾರವೇ ಮುಚ್ಚಿ ಕೆಲಸವನ್ನು ಆರಂಭಿಸುವುದು ಜಾಣತನ.